ಪುಣೆಯಲ್ಲಿ ಧಾರವಾಡ ಹಚ್ಚಿದ್ದು

ನಮ್ಮ ಫ್ಲ್ಯಾಟಿನ ಅಟ್ಟದ ಮೇಲೆ ಹದಿನೈದು ಕಿಲೋದ ಒಂದು ಎಣ್ಣೆ ಡಬ್ಬಿ ಇದೆ. ಅದರಲ್ಲಿ ಎಣ್ಣೆ ಇಲ್ಲ. ಪ್ರತಿ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ನನ್ನಾಕೆ ಅದನ್ನು ಕೆಳಗಿಳಿಸಿ ಧೂಳು ಒರೆಸಿ, "ಇದನ್ನ ಭಂಗಾರದವನಿಗೆ ಹಾಕೂಣೇನ್ರಿ?" ಎಂದು ಕೇಳುತ್ತಾಳೆ. ನಾನು ಬೇಡ ಎನ್ನುತ್ತೇನೆ. ಡಬ್ಬಿ ಮತ್ತೆ ಅಟ್ಟ ಸೇರುತ್ತದೆ. ಅದರೊಳಗೆ ಇರುವುದು ಪಿವಿಸಿ ಪೈಪಿನ ಎರಡು ತುಂಡು, ಅವುಗಳಿಗೆ ಸುತ್ತಿದ ತಾಮ್ರದ ತಂತಿ, ಹಳೆಯ ರೇಡಿಯೋದಿಂದ ಕಿತ್ತ ಒಂದು ಗ್ಯಾಂಗ್ ಕಂಡೆನ್ಸರ್. ಭಂಗಾರದವನು ತೂಕ ಹಾಕಿದರೆ ಒಂದು ಕಪ್ಪು ಚಹಾದ ದುಡ್ಡು ಸಿಕ್ಕರೆ ಹೆಚ್ಚು.

ಈ ಡಬ್ಬಿಯ ಕಥೆ ಹೇಳುವ ಮೊದಲು ಒಂದು ಮಾತು. ನಾನು ಬ್ಯಾಂಕಿನವನು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಕಾಂ. ಓದಿದವನು. ಡೆಬಿಟ್ ಕ್ರೆಡಿಟ್ ಬಿಟ್ಟರೆ ಬೇರೆ ವಿದ್ಯೆ ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಫ್ಯೂಸ್ ಹೋದರೆ ನೆರೆಮನೆಯವರನ್ನು ಕರೆಯುತ್ತಿದ್ದ ಮನುಷ್ಯ. ಅಂಥವನು ರೇಡಿಯೋ ಫಿಲ್ಟರ್ ಕಟ್ಟಲು ಹೊರಟದ್ದು ಅಪ್ಪನ ಸಲುವಾಗಿ.

1994ರಲ್ಲಿ ಬಡ್ತಿಯ ಮೇಲೆ ನನಗೆ ಪುಣೆಗೆ ವರ್ಗವಾಯಿತು. ಎರಡು ವರ್ಷ ಇದ್ದು ಹೋಗೋಣ ಎಂದು ಬಂದವನು ಇಲ್ಲೇ ಬೇರು ಬಿಟ್ಟೆ. ಬ್ಯಾಂಕಿನ ಸಾಲ ತೆಗೆದು ವಿಮಾನನಗರದಲ್ಲಿ ಮೂರನೇ ಮಹಡಿಯ ಫ್ಲ್ಯಾಟ್ ಕೊಂಡೆ. ಅಪ್ಪ, ಅವ್ವ ಧಾರವಾಡದ ಮಾಳಮಡ್ಡಿಯಲ್ಲೇ ಉಳಿದರು. ಅಪ್ಪ ಕನ್ನಡ ಶಾಲೆಯ ಮಾಸ್ತರರಾಗಿ ನಿವೃತ್ತರಾದವರು. 2003ರಲ್ಲಿ ಅವ್ವ ತೀರಿಕೊಂಡಳು. ಹದಿನಾಲ್ಕನೆಯ ದಿನ ನಾನು ಅಪ್ಪನ ಮುಂದೆ ಒಂದು ಹಾಳೆ ಇಟ್ಟೆ. ಎಡಗಡೆ ಧಾರವಾಡ, ಬಲಗಡೆ ಪುಣೆ. ಅಲ್ಲಿ ನಳದ ನೀರು ಐದಾರು ದಿನಕ್ಕೊಮ್ಮೆ, ಇಲ್ಲಿ ದಿನಾ. ಅಲ್ಲಿ ಒಬ್ಬರೇ ಅಡಿಗೆ ಮಾಡಿಕೊಳ್ಳಬೇಕು, ಇಲ್ಲಿ ಸೊಸೆ ಇದ್ದಾಳೆ. ಇಲ್ಲಿ ಲಿಫ್ಟ್ ಇದೆ, ದವಾಖಾನೆ ಹತ್ತಿರ. ಮಾಳಮಡ್ಡಿಯ ಮನೆ ಬಾಡಿಗೆಗೆ ಕೊಟ್ಟರೆ ತಿಂಗಳಿಗೆ ಇಷ್ಟು. ಅಪ್ಪ ಉತ್ತರಪತ್ರಿಕೆ ತಿದ್ದುವವರಂತೆ ಹಾಳೆಯನ್ನು ಮೇಲಿನಿಂದ ಕೆಳತನಕ ಓದಿ, "ಲೆಕ್ಕಾ ಬರೋಬರಿ ಅದ" ಎಂದರು. ಹಾಸಿಗೆ ಸುರುಳಿ, ಎರಡು ಟ್ರಂಕು, ತಮ್ಮ ವಾಲ್ವ್ ರೇಡಿಯೋ ಕಟ್ಟಿಕೊಂಡು ನನ್ನ ಜೊತೆ ಬಂದರು.

ಬಂದ ಮರುದಿನ ನಸುಕಿನಲ್ಲಿ ರೇಡಿಯೋ ಮುಂದೆ ಕುಳಿತು, "ಧಾರವಾಡ ಹಚ್ಚು" ಎಂದರು. ನಾನು ಮುಳ್ಳು ತಿರುವಿದೆ. ಬಂದದ್ದು ಪುಣೆ. ಇನ್ನಷ್ಟು ತಿರುವಿದೆ. ಅದೂ ಪುಣೆ. ಧಾರವಾಡ ಇರಬೇಕಾದ ಜಾಗದಲ್ಲಿ ಯಾವುದೋ ದನಿ ನೀರಿನೊಳಗಿನಿಂದ ಮಾತಾಡಿದ ಹಾಗೆ ಕೇಳುತ್ತಿತ್ತು. ಅದರ ಮೇಲೆ ಮರಾಠಿ ಸಮಾಚಾರ ಸವಾರಿ ಮಾಡುತ್ತಿತ್ತು. ಅಪ್ಪ ಅರ್ಧ ತಾಸು ಕಿವಿ ಹಚ್ಚಿ ಕೂತು, "ಇರಲಿ" ಎಂದು ಎದ್ದರು. ಮರುದಿನ ಮತ್ತೆ ಕೂತರು. ಮತ್ತೆ "ಇರಲಿ". ಹೀಗೆ ಎರಡು ತಿಂಗಳು. ಆಮೇಲೆ ರೇಡಿಯೋದ ಮೇಲೆ ಅವ್ವ ಹೊಲಿದ ಬಟ್ಟೆ ಹೊದಿಸಿ ಕೂಡುವುದನ್ನೇ ಬಿಟ್ಟರು. ಅದರ ಜೊತೆಗೆ ಮಾತೂ ಕಡಿಮೆಯಾಯಿತು. ಊಟಕ್ಕೆ ಕರೆದರೆ ಬರುವರು, ಔಷಧ ಕೊಟ್ಟರೆ ತಗೊಳ್ಳುವರು. ಜಗಳ ಇಲ್ಲ, ದೂರು ಇಲ್ಲ. ನನ್ನ ಹಾಳೆಯ ಬಲಗಡೆಯಲ್ಲಿ ಬರೆದದ್ದೆಲ್ಲ ಅವರಿಗೆ ಸಿಕ್ಕಿತ್ತು.

ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾದಾಗ ಅಪ್ಪನಿಗೆ ಇಪ್ಪತ್ತನಾಲ್ಕು. ಬೇಂದ್ರೆಯವರು ಅಲ್ಲಿ ಸಲಹೆಗಾರರಾಗಿದ್ದರು, ಮಲ್ಲಿಕಾರ್ಜುನ ಮನಸೂರರು ಸಂಗೀತ ಸಲಹೆಗಾರರಾಗಿದ್ದರು. ನಮ್ಮ ಮನೆಯಲ್ಲಿ ಅದು ಸ್ಟೇಷನ್ ಅಲ್ಲ, ಗಡಿಯಾರ. ಯಾವ ಕಾರ್ಯಕ್ರಮ ಬಂದರೆ ಸ್ನಾನ, ಯಾವುದು ಮುಗಿದರೆ ಶಾಲೆ ಎಂದು ಇಡೀ ಮನೆ ಅದರ ಮೇಲೆ ನಡೆಯುತ್ತಿತ್ತು. ಇದನ್ನು ನಾನು ಹಾಳೆಯಲ್ಲಿ ಬರೆದಿರಲಿಲ್ಲ. ಯಾವ ಕಾಲಮ್ಮಿನಲ್ಲಿ ಬರೆಯಬೇಕು ಎಂಬುದೇ ಗೊತ್ತಿರಲಿಲ್ಲ.

ಮೊದಲು ಸುಲಭದ ದಾರಿ ನೋಡಿದೆ. ಹೊಸ ಟ್ರಾನ್ಸಿಸ್ಟರ್ ತಂದೆ. ಮೀಡಿಯಂ ವೇವ್ ಟ್ರಾನ್ಸಿಸ್ಟರಿನೊಳಗೆ ಫೆರೈಟ್ ಕಡ್ಡಿಯ ಏರಿಯಲ್ ಇರುತ್ತದೆ. ಕಡ್ಡಿಯ ತುದಿ ಯಾವ ದಿಕ್ಕಿಗಿದೆಯೋ ಆ ದಿಕ್ಕಿನ ಸ್ಟೇಷನ್ ಸೊರಗುತ್ತದೆ. ಸೆಟ್ ತಿರುಗಿಸಿ ಪುಣೆಯನ್ನು ಸೊರಗಿಸಿದೆ. ಆದರೆ ಪುಣೆ ಆಕಾಶವಾಣಿಯ ಟ್ರಾನ್ಸ್‌ಮಿಟರ್ ಇರುವುದು ಹಡಪಸರದಲ್ಲಿ, ನಮ್ಮ ಮನೆಯಿಂದ ಏಳೆಂಟು ಕಿಲೋಮೀಟರ್ ದಕ್ಷಿಣಕ್ಕೆ, ಸ್ವಲ್ಪ ಪೂರ್ವಕ್ಕೆ. ಧಾರವಾಡವೂ ಅದೇ ದಿಕ್ಕಿಗೆ! ಪುಣೆ ಸೊರಗಿದರೆ ಧಾರವಾಡವೂ ಸೊರಗುತ್ತಿತ್ತು. ಟ್ರಾನ್ಸಿಸ್ಟರ್ ಅಡಿಗೆಮನೆ ಸೇರಿತು.

ಆಗ ನೆನಪಾದವರು ಸುಬೇದಾರರು. ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಪರಿಚಯವಾದ ಬೆಳಗಾವಿ ಕಡೆಯವರು. ಸೈನ್ಯದ ಸಿಗ್ನಲ್ಸ್ ವಿಭಾಗದಲ್ಲಿ ಸೇವೆ ಮುಗಿಸಿ, ಒಂದು ಇಂಜಿನಿಯರಿಂಗ್ ಕಾಲೇಜಿನ ಲ್ಯಾಬ್ ನೋಡಿಕೊಳ್ಳುತ್ತಿದ್ದರು. ಮನೆಗೆ ಬಂದರು, ರೇಡಿಯೋ ಕೇಳಿದರು, ಒಂದು ಹಳೆಯ ನೋಟ್‌ಬುಕ್ ತೆಗೆದರು. ಅದರಲ್ಲಿ ದೇಶದ ಸ್ಟೇಷನ್‌ಗಳ ಪಟ್ಟಿ ಇತ್ತು. "ನೋಡ್ರಿ ಸಾಹೇಬರ, ಧಾರವಾಡ 765 ಕಿಲೋಹರ್ಟ್ಜ್, 200 ಕಿಲೋವ್ಯಾಟ್. ಪುಣೆ 792, 100 ಕಿಲೋವ್ಯಾಟ್. ನಡುವ ಅಂತರ 27. ಧಾರವಾಡ ದೊಡ್ಡದು ಖರೆ, ಆದರ ಮುನ್ನೂರು ಕಿಲೋಮೀಟರಿನ ಆಚೆ ಅದ. ಪುಣೆ ನಿಮ್ಮ ಕಿವ್ಯಾಗ ನಿಂತು ಒದರ್ತದ. ಸೆಟ್ಟಿನ ಮೊದಲ ವಾಲ್ವಿನಾಗ ಎರಡೂ ಕಲಸಿಹೋಗ್ತಾವ. ಒಳಗ ಕಲಸಿದ್ದನ್ನ ಆಮ್ಯಾಲೆ ಬ್ಯಾರೆ ಮಾಡಲಿಕ್ಕೆ ಬರೂದಿಲ್ಲ. ಬಾಗಿಲದಾಗ ಹಿಡೀಬೇಕು."

ಬಾಗಿಲಲ್ಲಿ ಹಿಡಿಯುವುದೆಂದರೆ ಏರಿಯಲ್ಲಿಗೂ ಅರ್ಥಿಗೂ ನಡುವೆ ಒಂದು ಕಾಯಿಲ್, ಒಂದು ಕಂಡೆನ್ಸರ್ ಸಾಲಾಗಿ ಜೋಡಿಸಿ ಬಲೆ ಹಾಕುವುದು. ಎರಡರ ಅಳತೆ ಸರಿಯಾಗಿದ್ದರೆ 792 ಮಾತ್ರ ಆ ದಾರಿಯಲ್ಲಿ ಭೂಮಿಗೆ ಇಳಿದುಹೋಗುತ್ತದೆ. ನನ್ನ ಮಗ ಆಗ ಹನ್ನೊಂದನೆಯ ಕ್ಲಾಸು. ಅವನ ಭೌತಶಾಸ್ತ್ರದ ಪುಸ್ತಕದಲ್ಲಿ ಸೂತ್ರವೇ ಇತ್ತು. ಐದು ನಿಮಿಷದಲ್ಲಿ, "ಅಪ್ಪಾ, ಕಾಯಿಲ್ 100 ಮೈಕ್ರೋಹೆನ್ರಿ ಇದ್ದರೆ ಕಂಡೆನ್ಸರ್ 404 ಪಿಕೋಫ್ಯಾರಡ್" ಎಂದ. ಆ ಬಲೆ ಪುಣೆಗೆ ಸೊನ್ನೆ ಓಮ್, ಧಾರವಾಡಕ್ಕೆ 34 ಓಮ್. ಸೊನ್ನೆಗೂ 34ಕ್ಕೂ ಹೋಲಿಕೆಯೇ ಇಲ್ಲ. ಪುಣೆ ಪೂರ್ತಿ ಮಾಯವಾಗಬೇಕು.

ಬುಧವಾರ ಪೇಠೆಯ ತಾಪಕೀರ ಗಲ್ಲಿಗೆ ಹೋದೆ. ಅಂಗಡಿಯವನು ತೆಳು ತಂತಿಯನ್ನು ಬೆರಳು ಗಾತ್ರದ ಬಾಬಿನ್ನಿಗೆ ದಾರದ ಉಂಡೆಯಂತೆ ಸುತ್ತಿ, ಮೀಟರಿನಲ್ಲಿ ಇಟ್ಟು 100 ತೋರಿಸಿದ. 390ರದ್ದೊಂದು 15ರದ್ದೊಂದು ಕಂಡೆನ್ಸರ್ ಕೊಟ್ಟ. ಸುಬೇದಾರರು ಊರಿಗೆ ಹೋಗಿದ್ದರು. ನನಗೋ ಅವಸರ. ಮಗನೂ ನಾನೂ ಸೇರಿ ಬೆಸುಗೆ ಹಾಕಿದೆವು. ಸಂಜೆ ಅಪ್ಪನನ್ನು ಕೂಡಿಸಿ ರೇಡಿಯೋ ಹಚ್ಚಿದೆವು. ವಾಲ್ವುಗಳು ಕಾದವು. ಪುಣೆ ಬಂತು, ಗಂಟೆ ಬಾರಿಸಿದ ಹಾಗೆ. ಮೊದಲು ನೀರಿನೊಳಗಿನಿಂದಾದರೂ ಕೇಳುತ್ತಿದ್ದ ಧಾರವಾಡ ಸುಳಿವಿಲ್ಲದೆ ಹೋಗಿತ್ತು. ಅಪ್ಪ ಒಂದು ನಿಮಿಷ ಕೇಳಿ, "ಈಗ ಪುಣೆ ಛಲೋ ಕೇಳಸ್ತದಲ್ಲೋ" ಎಂದರು. ಬಂದಮೇಲೆ ಅವರು ಆಡಿದ ಮೊದಲ ಚಾಷ್ಟಿ ಅದು. ಮಗ ನಕ್ಕ. ನನಗೆ ನಗು ಬರಲಿಲ್ಲ.

ಸುಬೇದಾರರು ಬಂದ ಮೇಲೆ ಬಲೆಯನ್ನು ಲ್ಯಾಬಿಗೆ ಒಯ್ದೆವು. ಕಂಡೆನ್ಸರುಗಳಿಗೆ ಶೇಕಡಾ 5 ಹೆಚ್ಚುಕಡಿಮೆ ಎಂದು ಬರೆದಿರುತ್ತದೆ. ನಮ್ಮವು ನೇಮಕ್ಕೆ ಸರಿಯಾಗಿ 5ರಷ್ಟು ಹೆಚ್ಚಾಗಿದ್ದವು. ಸೂತ್ರದಲ್ಲಿ ವರ್ಗಮೂಲ ಇರುವುದರಿಂದ 5ರ ತಪ್ಪು ಎರಡೂವರೆಯಾಗುತ್ತದೆ. ಎರಡೂವರೆ ಎಂದರೆ ಸಣ್ಣದೆನ್ನಿಸಬಹುದು, ಆದರೆ 792ಕ್ಕೆ ಅದು ಸುಮಾರು 20 ಕಿಲೋಹರ್ಟ್ಜ್. ನಮಗಿದ್ದ ಜಾಗವೇ 27. ಇನ್ನು ಕಾಯಿಲ್. ಅಂಗಡಿಯವನ ಮೀಟರ್ ಅಳೆದದ್ದು ಒಂದು ಕಿಲೋಹರ್ಟ್ಜಿನಲ್ಲಿ. ಅಲ್ಲಿ ಅದು 100 ಮೈಕ್ರೋಹೆನ್ರಿಯೇ. ಆದರೆ ಪಕ್ಕಪಕ್ಕದ ಸುತ್ತುಗಳ ನಡುವೆ ಒಂದಿಷ್ಟು ಕೆಪ್ಯಾಸಿಟಿ ತಾನಾಗಿಯೇ ಹುಟ್ಟುತ್ತದೆ. ನಮ್ಮ ಉಂಡೆಯಲ್ಲಿ ಅದು ಆರು ಪಿಕೋಫ್ಯಾರಡ್ ಇತ್ತು. ಅದರಿಂದಾಗಿ ರೇಡಿಯೋದ ವೇಗದಲ್ಲಿ ಕಾಯಿಲ್ ಶೇಕಡಾ ಒಂದೂವರೆಯಷ್ಟು ದೊಡ್ಡದಾಗಿ ಕಾಣುತ್ತದೆ. ಇನ್ನೊಂದು ಆರು ಕಿಲೋಹರ್ಟ್ಜ್ ಹೋಯಿತು. ಬಲೆ ಬಿದ್ದದ್ದು 792ರ ಮೇಲಲ್ಲ, 767ರ ಮೇಲೆ. ನಾನು ಖರ್ಚು ಮಾಡಿ, ಶ್ರಮಪಟ್ಟು, ಧಾರವಾಡವನ್ನೇ ಹಿಡಿದು ನೆಲಕ್ಕೆ ಇಳಿಸಿದ್ದೆ.

"ಅಳತಿ ತಿದ್ದಬಹುದು. ಅದು ದೊಡ್ಡ ಮಾತಲ್ಲ" ಎಂದರು ಸುಬೇದಾರರು. ಕ್ಯೂ ಮೀಟರಿಗೆ ಕಾಯಿಲ್ ಹಚ್ಚಿದರು. ಕ್ಯೂ ಎಂದರೆ ಕಾಯಿಲಿನ ಗುಣ: ಅದು ಮಾಡಬೇಕಾದ ಕೆಲಸಕ್ಕೂ ಅದು ತಿಂದುಹಾಕುವುದಕ್ಕೂ ಇರುವ ಪ್ರಮಾಣ. 100 ಮೈಕ್ರೋಹೆನ್ರಿ ಕಾಯಿಲ್ 792ರಲ್ಲಿ ಒಡ್ಡುವ ತಡೆ ಸುಮಾರು 500 ಓಮ್. ಮುಳ್ಳು 50 ತೋರಿಸಿತು. ಅಂದರೆ ಒಳಗೆ 10 ಓಮ್ ನಷ್ಟ ಕೂತಿದೆ. "ನಿಮ್ಮ ಹುಡುಗನ ಪುಸ್ತಕದಾಗಿನ ಕಾಯಿಲಿಗೆ ನಷ್ಟ ಇಲ್ಲ. ಅಂಥಾ ಕಾಯಿಲ್ ಯಾವ ಬಜಾರದಾಗೂ ಸಿಗೂದಿಲ್ಲ. ಪುಣೆಗೆ ಸೊನ್ನೆ ಅಂತ ಬರದೀರಿ. ಖರೆ ಅಂದ್ರ 10. ಧಾರವಾಡಕ್ಕ 34. ಹತ್ತಕ್ಕೂ ಮೂವತ್ತನಾಲ್ಕಕ್ಕೂ ಏನು ಫರಕಾತು? ಬಲಿ ಬರೋಬರಿ ಜಾಗಾದಾಗ ಬಿದ್ದಿದ್ದರೂ ನಿಮ್ಮ ಪುಣೆ ಹೋಗ್ತಿರಲಿಲ್ಲ. ನೀವು ಬ್ಯಾಂಕಿನವರು. ಸಾಲಾ ಕೊಡೂ ಮುಂದ ಪಾರ್ಟಿ ನೋಡ್ತೀರಿಲ್ಲೋ? ಕಾಯಿಲ್ ನೋಡಲಾರದ ಲೆಕ್ಕಾ ಹ್ಯಾಂಗ ಮಾಡಿದ್ರಿ?"

ಆ ಮಾತು ನನಗೆ ನಾಟಿತು. 1992ಕ್ಕೆ ಮೊದಲು ನಾವು ಬ್ಯಾಂಕಿನಲ್ಲಿ ಹೀಗೆಯೇ ಲೆಕ್ಕ ಬರೆಯುತ್ತಿದ್ದೆವು. ಸಾಲ ಮರಳದಿದ್ದರೂ ಬಡ್ಡಿ ಬಂತು ಎಂದೇ ಲಾಭಕ್ಕೆ ಹಾಕಿಕೊಳ್ಳುತ್ತಿದ್ದೆವು. ಆ ವರ್ಷ ರಿಸರ್ವ್ ಬ್ಯಾಂಕ್ ನಿಯಮ ತಂದು, ಕೈಗೆ ಬಂದದ್ದನ್ನು ಮಾತ್ರ ಆದಾಯ ಅನ್ನಿ, ಕೆಟ್ಟ ಸಾಲಕ್ಕೆ ಮೊದಲೇ ತೆಗೆದಿಡಿ ಎಂದಿತು. 2004ರ ಮಾರ್ಚಿನಲ್ಲಿ ಅದು ಇನ್ನೂ ಬಿಗಿಯಾಗಿ, 90 ದಿನ ಬಾಕಿ ಉಳಿದರೆ ಸಾಲ ಕೆಟ್ಟಿತು ಎಂದು ಬರೆಯಬೇಕಾಯಿತು. ಹಗಲೆಲ್ಲ ಶಾಖೆಯಲ್ಲಿ ಇದೇ ಕೆಲಸ ಮಾಡುತ್ತಿದ್ದವನು ಸಂಜೆ ಮನೆಗೆ ಬಂದು ನಷ್ಟವಿಲ್ಲದ ಕಾಯಿಲಿನ ಲೆಕ್ಕ ಮಾಡಿದ್ದೆ. ಬಸ್ಸಿನಲ್ಲಿ ಮನೆಗೆ ಬರುವಾಗ ನೆನಪಾದದ್ದು ಮಾತ್ರ ಕಾಯಿಲ್ ಅಲ್ಲ, ಅಪ್ಪನ ಮುಂದೆ ಇಟ್ಟ ಆ ಹಾಳೆ. ಅಲ್ಲಿಯೂ ನಾನು ನಷ್ಟದ ಕಾಲಮ್ಮಿಗೆ ಸೊನ್ನೆ ಬರೆದಿದ್ದೆ.

ಈ ಸಲ ಕೆಲಸ ತಿರುಗಾ ಮುರುಗಾ ಶುರುವಾಯಿತು. ಮೊದಲು ಕಾಯಿಲ್, ಅದರ ನಷ್ಟ ಅಳೆಯುವುದು, ಆಮೇಲೆ ಉಳಿದ ಲೆಕ್ಕ. 63 ಮಿಲಿಮೀಟರಿನ ಪಿವಿಸಿ ಪೈಪಿಗೆ 22 ನಂಬರಿನ ಎನಾಮಲ್ ತಂತಿ, 45 ಸುತ್ತು, ಎರಡು ಇಂಚು ಉದ್ದಕ್ಕೆ, ಒಂದೇ ಪದರು, ಸುತ್ತಿಗೂ ಸುತ್ತಿಗೂ ಸಣ್ಣ ಸಂದು ಬಿಟ್ಟು. ತಂತಿ ಸುಮಾರು ಒಂಬತ್ತು ಮೀಟರ್ ಹಿಡಿಯಿತು. ಮಲ್ಟಿಮೀಟರಿನಲ್ಲಿ ನೋಡಿದರೆ ಅರ್ಧ ಓಮಿಗಿಂತ ಕಡಿಮೆ. ಆದರೆ ರೇಡಿಯೋದ ವೇಗದಲ್ಲಿ ಕರೆಂಟು ತಂತಿಯ ಹೊರಚರ್ಮದಲ್ಲಷ್ಟೇ ಹರಿಯುತ್ತದೆ, ಪಕ್ಕದ ಸುತ್ತುಗಳು ಅದನ್ನು ಇನ್ನೂ ಒತ್ತರಿಸುತ್ತವೆ. ಹೀಗಾಗಿ ನಿಜವಾದ ನಷ್ಟ ಎರಡೂವರೆ ಓಮ್. ಕ್ಯೂ 200. ಸೊನ್ನೆ ಅಲ್ಲ, ಆದರೆ ಹತ್ತರ ಕಾಲುಭಾಗ.

"ಇನ್ನ ಪುಣೆಗೆ ಎರಡೂವರಿ, ಧಾರವಾಡಕ್ಕ 34" ಎಂದರು ಸುಬೇದಾರರು. "ಈಗ ಧಾರವಾಡದ ಬಾಗಿಲಾ ತೆಗಿಯೂಣು." 765ರಲ್ಲಿ ಆ 34 ಓಮ್ ಕಂಡೆನ್ಸರಿನ ಗುಣದ್ದು. ಅದಕ್ಕೆ ಸಮಾನವಾದ ಸಣ್ಣ ಕಾಯಿಲ್ ಒಂದನ್ನು ಅಡ್ಡಲಾಗಿ ಜೋಡಿಸಿದರೆ ಎರಡೂ ಸೇರಿ ಧಾರವಾಡವನ್ನು ಭೂಮಿಗೆ ಇಳಿಯಗೊಡುವುದಿಲ್ಲ. 7 ಮೈಕ್ರೋಹೆನ್ರಿ, ಅದೇ ಪೈಪಿನ ಮೇಲೆ ಒಂಬತ್ತು ಸುತ್ತು. ಆಗ ಧಾರವಾಡಕ್ಕೆ ಸುಮಾರು 400 ಓಮ್, ಪುಣೆಗೆ ಅದೇ ಎರಡೂವರೆ. ಇಲ್ಲಿಯೂ ಎಷ್ಟು ಸಿಗುತ್ತದೆ ಎಂದು ನಿರ್ಧರಿಸುವುದು ಕಾಯಿಲಿನ ನಷ್ಟವೇ. ಹಳೆಯ ಬಾಬಿನ್ ಕಾಯಿಲ್ ಇಟ್ಟು ಇದೇ ನಕ್ಷೆ ಮಾಡಿದ್ದರೆ 400ರ ಜಾಗದಲ್ಲಿ 110 ಸಿಗುತ್ತಿತ್ತು, ಎರಡೂವರೆಯ ಜಾಗದಲ್ಲಿ 10 ಇರುತ್ತಿತ್ತು. ಒಂದೇ ನಕ್ಷೆ, ಎರಡು ಕಾಯಿಲ್, ಎರಡು ಹಣೆಬರಹ.

ಕಂಡೆನ್ಸರಿನ ಶೇಕಡಾ 5ರ ಗೊಂದಲವೇ ಬೇಡವೆಂದು ಭಾನುವಾರದ ಜುನಾ ಬಜಾರಿನಿಂದ ಹಳೆಯ ರೇಡಿಯೋದ ಗ್ಯಾಂಗ್ ತಂದೆ. ಅದನ್ನು ತಿರುವಿ ಕಿವಿಯಿಂದಲೇ ಪುಣೆಯನ್ನು ಹುಡುಕಿ ಕೊಲ್ಲಬಹುದು. ಕಾಯಿಲಿನ ಸ್ವಂತದ ಮೂರ್ನಾಲ್ಕು ಪಿಕೋಫ್ಯಾರಡ್ ಕೂಡ ಆ ತಿರುವಿನಲ್ಲೇ ಜಮಾ ಆಗಿಬಿಡುತ್ತದೆ. ಎಲ್ಲವನ್ನೂ ಮೊದಲು ಚಹಾಪುಡಿ ಡಬ್ಬಿಯೊಳಗೆ ಇಟ್ಟೆ. ಟ್ಯೂನಿಂಗ್ ಜಾರಿತು, ಬಲೆ ಮಂಕಾಯಿತು. ತಗಡು ಹತ್ತಿರ ಬಂದರೆ ಅದೇ ಒಂದು ಸುತ್ತಾಗಿ ಶಕ್ತಿ ತಿನ್ನುತ್ತದಂತೆ. ಕಾಯಿಲಿನ ಸುತ್ತ ಅದರ ಅಗಲದಷ್ಟಾದರೂ ಜಾಗ ಬೇಕು. ನನ್ನಾಕೆ ಒಂದೂ ಮಾತಾಡದೆ ಜೋಳ ಹಾಕಿಟ್ಟಿದ್ದ ಎಣ್ಣೆ ಡಬ್ಬಿ ಖಾಲಿ ಮಾಡಿ ಕೊಟ್ಟಳು. ಎರಡು ಕಾಯಿಲ್ ಒಂದಕ್ಕೊಂದು ಅಡ್ಡವಾಗಿ, ದೂರದೂರ ಕೂತವು.

ಅದು 2004ರ ಜೂನ್. ಹೊತ್ತು ಮುಳುಗಿತ್ತು. ಹಗಲಿನಲ್ಲಿ ಮೀಡಿಯಂ ವೇವ್ ಅಷ್ಟು ದೂರ ಬರಲು ಹೆಣಗಾಡುತ್ತದೆ, ಕತ್ತಲಾದರೆ ಮೇಲಿನ ಅಯನೋಸ್ಫಿಯರಿನಿಂದ ತಿರುಗಿ ಇಳಿಯುತ್ತದೆ. ನಾನು ಗ್ಯಾಂಗ್ ತಿರುವುತ್ತಾ ಹೋದೆ. ಪುಣೆ ಇಳಿಯಿತು, ಇನ್ನೂ ಇಳಿಯಿತು, ಪಕ್ಕದ ಮನೆಯ ಮಾತಿನಷ್ಟಾಯಿತು. ಧಾರವಾಡವೂ ಸ್ವಲ್ಪ ಇಳಿದಿತ್ತು, ಆದರೆ ಅದನ್ನು ಏರಿಸುವ ತಾಕತ್ತು ಸೆಟ್ಟಿಗೆ ಇತ್ತು. ರೈತರ ಕಾರ್ಯಕ್ರಮ ನಡೆದಿತ್ತು. ಯಾರೋ ಮುಂಗಾರಿನ ಹೆಸರು ಬಿತ್ತುವ ಬಗ್ಗೆ ಹೇಳುತ್ತಿದ್ದರು, ನಮ್ಮ ಕಡೆಯ ಮಾತಿನಲ್ಲಿ. ಅಪ್ಪ ರೇಡಿಯೋದ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಕಾರ್ಯಕ್ರಮ ಮುಗಿಯುವ ತನಕ ಅಲುಗಲಿಲ್ಲ. ಆಮೇಲೆ, "ಮಳಿ ಆಗೇದಂತ" ಎಂದರು.

ಹಿಂದೆ ಎಲ್ಲೋ ಮರಾಠಿ ಇನ್ನೂ ಸಣ್ಣಗೆ ಗೊಣಗುತ್ತಿತ್ತು. ನನಗೆ ಅದು ಸಹಿಸಲಿಲ್ಲ. ಮತ್ತೆ ಗ್ಯಾಂಗಿಗೆ ಕೈ ಹಾಕಿದೆ. ಅಪ್ಪ ತಡೆದರು. "ಇರಲಿ ಬಿಡೋ. ಆ ಊರಾಗ ಇದ್ದೇವಲ್ಲ. ಅಷ್ಟು ಕೇಳಿದರ ಏನಾತು?"

ಈ "ಇರಲಿ" ಮೊದಲಿನ "ಇರಲಿ"ಯಂತಿರಲಿಲ್ಲ. ಆ ರಾತ್ರಿ ಊಟಕ್ಕೆ ಕೂತಾಗ ಅಪ್ಪ ತಾವಾಗಿಯೇ ಮಾತು ತೆಗೆದರು. ಅವ್ವನ ಮಾತು, ಹಿತ್ತಲ ಬೇವಿನ ಗಿಡದ ಮಾತು. ಕೊನೆಗೆ, ವರ್ಷಕ್ಕೆ ನಾಲ್ಕು ತಿಂಗಳು ಮಾಳಮಡ್ಡಿಯಲ್ಲಿ ಇರಬೇಕೆಂದಿದ್ದಾರೆ ಎಂದೂ ಹೇಳಿದರು. ನಾನು ಹಾಳೆ ತೆಗೆಯಲಿಲ್ಲ. ಬಾಡಿಗೆದಾರರಿಗೆ ನೋಟೀಸ್ ಕೊಟ್ಟು, ಎದುರಿನ ಎರಡು ಕೋಣೆ ಬಿಡಿಸಿಕೊಂಡೆ. ಲೆಕ್ಕದ ಪ್ರಕಾರ ಅದು ನಷ್ಟ. ಮೊದಲೇ ತೆಗೆದಿಡಬೇಕಾಗಿದ್ದ ನಷ್ಟ. 2009ರ ತನಕ ಅಪ್ಪ ಹೀಗೆ ಎರಡೂ ಊರಿನಲ್ಲಿ ಇದ್ದು, ಒಂದು ಬೇಸಿಗೆಯಲ್ಲಿ ಧಾರವಾಡದಲ್ಲಿಯೇ ಕಣ್ಣು ಮುಚ್ಚಿದರು. ಪುಣೆಯಲ್ಲಿದ್ದಾಗಲೆಲ್ಲ ಡಬ್ಬಿ ರೇಡಿಯೋದ ಪಕ್ಕದಲ್ಲಿರುತ್ತಿತ್ತು. ಮಳೆಗಾಲದ ತೇವಕ್ಕೆ ಟ್ಯೂನಿಂಗ್ ಸರಿಯುತ್ತಿತ್ತು, ಅಪ್ಪನೇ ಗ್ಯಾಂಗ್ ತಿರುವಿ ಸರಿಮಾಡಿಕೊಳ್ಳುತ್ತಿದ್ದರು.

ಈಗ ಪ್ರಸಾರ ಭಾರತಿಯ ಮೊಬೈಲ್ ಆ್ಯಪಿನಲ್ಲಿ ಕನ್ನಡ ಕೇಂದ್ರಗಳು ಯಾವ ಊರಿನಲ್ಲಿದ್ದರೂ ಕೇಳುತ್ತವೆ. ಕಾಯಿಲ್ ಬೇಡ, ಕಂಡೆನ್ಸರ್ ಬೇಡ. ಸುಬೇದಾರರೂ ಈಗಿಲ್ಲ. ಅವರ ನೋಟ್‌ಬುಕ್ ಅವರ ಮಗಳು ನನಗೆ ಕೊಟ್ಟಳು. ನಾನು 2019ರಲ್ಲಿ ನಿವೃತ್ತನಾದೆ. ಮಗ ಹೈದರಾಬಾದಿನಲ್ಲಿ ಕೆಲಸದಲ್ಲಿದ್ದಾನೆ. ಹೋದ ತಿಂಗಳು ಫೋನು ಮಾಡಿ, "ಅಪ್ಪಾ, ಇಬ್ಬರೂ ಇಲ್ಲಿಗೇ ಬಂದುಬಿಡಿ" ಎಂದ. ಹಿಂದೆಯೇ ಒಂದು ಎಕ್ಸೆಲ್ ಶೀಟ್ ಕಳಿಸಿದ. ಎಡಗಡೆ ಪುಣೆ, ಬಲಗಡೆ ಹೈದರಾಬಾದ್. ಆಸ್ಪತ್ರೆ, ಲಿಫ್ಟ್, ಮೊಮ್ಮಗಳ ಸಂಗ, ಪುಣೆಯ ಫ್ಲ್ಯಾಟಿನ ಬಾಡಿಗೆ. ಕೂಡಿಸಿದ್ದರಲ್ಲಿ ಒಂದು ತಪ್ಪಿಲ್ಲ. ನನ್ನ ಕೈಬರಹವನ್ನೇ ನೋಡಿದ ಹಾಗಾಯಿತು.

ಮೂವತ್ತು ವರ್ಷದ ಮೇಲೆ ಈಗ ನನಗೆ ಪುಣೆಯೂ ಊರೇ. ಅಂದು ಗೊಣಗು ಎನಿಸಿದ ಮರಾಠಿ ಈಗ ಬೆಳಗಿನ ಹಾಲಿನವನ ದನಿ, ಭಾಜಿಯವಳ ದನಿ. ಅದಿಲ್ಲದೆ ಇರಬಲ್ಲೆನೋ ಗೊತ್ತಿಲ್ಲ. ಸುಬೇದಾರರ ನೋಟ್‌ಬುಕ್ ತೆಗೆದು ನೋಡಿದೆ. ಅದರಲ್ಲಿ ಹೈದರಾಬಾದಿನ ಹೆಸರಿನ ಮುಂದೆ 738 ಎಂದಿದೆ. ಧಾರವಾಡಕ್ಕಿಂತ 27 ಕೆಳಗೆ, ಪುಣೆ ಮೇಲೆ ಇದ್ದಷ್ಟೇ ಕೆಳಗೆ! ಬಲೆಯನ್ನು ಅಲ್ಲಿಗೆ ಹಾಕಿದರೆ ಲೆಕ್ಕ ಮಗುಚುತ್ತದೆ. 765ರಲ್ಲಿ ಈಗ ಉಳಿಯುವುದು ಕಾಯಿಲಿನ ಗುಣ, ಆದ್ದರಿಂದ ಸಣ್ಣ ಕಾಯಿಲಿನ ಜಾಗದಲ್ಲಿ ಕಂಡೆನ್ಸರ್ ಬರಬೇಕು. ದೊಡ್ಡ ಕಾಯಿಲ್ ಮಾತ್ರ ಅದೇ, ಅದರ ಎರಡೂವರೆ ಓಮ್ ಅದೇ.

ಮಗನ ಶೀಟಿಗೆ ನಾನು ಒಂದು ಸಾಲು ಸೇರಿಸಿ ವಾಪಸು ಕಳಿಸಿದ್ದೇನೆ: "ವರ್ಷಕ್ಕೆ ನಾಲ್ಕು ತಿಂಗಳು ಪುಣೆ. ಫ್ಲ್ಯಾಟ್ ಬಾಡಿಗೆಗೆ ಕೊಡುವಂತಿಲ್ಲ." ಅವನು ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಅಪ್ಪಾ, ಆ ಡಬ್ಬಿ ಇನ್ನೂ ಅದ ಏನು?" ಎಂದು ಕೇಳಿದ.

ಇದೆ ಎಂದೆ. ಬರುವಾಗ ತರುತ್ತೇನೆ ಎಂದೂ ಹೇಳಿದೆ.